ಎರಡು ಬೋಟು, ಎಂಟು ಸೆಕೆಂಡು

“ಬಂತು ನೋಡೇ, ನಿಮ್ಮಮ್ಮನ ಬೋಟು,” ಎಂದಳು ಗೆಳತಿ ಫಿದಾ.

ಮೆರಿನ್ ಆಗಲೇ ಬೋಟಿನ ಕಂಬಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನೆಲ್ಲ ತುಂಬಿಕೊಂಡು ಅವರ ಬೋಟು ದ್ವೀಪದ ಕಡೆಗೆ ಹೊರಟಿತ್ತು. ದ್ವೀಪದ ಕಡೆಯಿಂದ ಇನ್ನೊಂದು ಬೋಟು ಎದುರಿಗೆ ಬರುತ್ತಿತ್ತು. ಹಿನ್ನೀರಿನ ನಟ್ಟನಡುವೆ ಒಂದು ಕೆಂಪು ಕಂಬವಿದೆ. ದಿನಾ ನಾಲ್ಕೂ ಕಾಲಿಗೆ ಅದರ ಹತ್ತಿರ ಎರಡೂ ಬೋಟುಗಳು ಒಂದನ್ನೊಂದು ದಾಟುತ್ತವೆ.

ಮೆರಿನ್‌ಳ ಅಮ್ಮ ಲಿಜಿ ನರ್ಸ್. ನೈಟ್ ಡ್ಯೂಟಿ ಬಂದ ವಾರ ಅವಳು ಮಗಳಿಗೆ ಸಿಗುವುದು ಈ ಕಂಬದ ಹತ್ತಿರ ಮಾತ್ರ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮೆರಿನ್ ಶಾಲೆಯಲ್ಲಿರುತ್ತಾಳೆ. ಮೆರಿನ್ ಮನೆಗೆ ಬರುವ ಹೊತ್ತಿಗೆ ಅಮ್ಮ ಮತ್ತೆ ಡ್ಯೂಟಿಗೆ ಹೊರಟಿರುತ್ತಾಳೆ. ಅಮ್ಮ ಅಂಚಿನ ಸೀಟಿನಲ್ಲಿ ಕೂತು ಒಂದು ಕೈ ಎತ್ತುತ್ತಾಳೆ. ಮೆರಿನ್ ಎರಡೂ ಕೈ ಎತ್ತುತ್ತಾಳೆ. ಆಮೇಲೆ ಅಲೆ ಬಂದು ಎರಡೂ ಬೋಟುಗಳು ಸ್ವಲ್ಪ ತೂಗಾಡುತ್ತವೆ.

ಈ ಸೋಮವಾರವೂ ಅಮ್ಮ ಬೋಟಿನಲ್ಲಿದ್ದಳು. ಆದರೆ ಆಚೆ ಬದಿಯ ಸೀಟಿನಲ್ಲಿ. ಅವಳ ಬೆನ್ನು ಮತ್ತು ಜಡೆ ಮಾತ್ರ ಕಂಡವು. ಎತ್ತಿದ ಎರಡು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೆರಿನ್ ತಲೆ ಕೆರೆದುಕೊಂಡಳು.

“ನೋಡ್ಲೇ ಇಲ್ವಲ್ಲೇ. ನಿದ್ದೆ ಬಂದಿರ್ಬೇಕು,” ಎಂದಳು ಫಿದಾ.

“ನಿದ್ದೆಯಲ್ಲ. ಕೋಪ,” ಎಂದಳು ಮೆರಿನ್.

ಕೋಪಕ್ಕೆ ಕಾರಣ ಭಾನುವಾರದ್ದು. ಕಂಪ್ಯೂಟರ್ ಕ್ಲಬ್ಬಿನಲ್ಲಿ ಕಲಿತದ್ದನ್ನೆಲ್ಲ ಸೇರಿಸಿ ಮೆರಿನ್ ಒಂದು ಪುಟ್ಟ ಫಿಲ್ಮ್ ಮಾಡಿದ್ದಳು. ನೀಲಿ ನೀರು, ಆ ಕಡೆಯಿಂದೊಂದು ಬೋಟು, ಈ ಕಡೆಯಿಂದೊಂದು ಬೋಟು. ದಾಟುವಾಗ ಒಂದರಿಂದ ಒಂದು ಕೈ ಏಳುತ್ತದೆ, ಇನ್ನೊಂದರಿಂದ ಎರಡು ಪುಟ್ಟ ಕೈಗಳು ಏಳುತ್ತವೆ. ಎಲ್ಲಾ ಸೇರಿ ಎಂಟೇ ಸೆಕೆಂಡು. ಅಷ್ಟಕ್ಕೆ ಮೂರು ವಾರ ಹಿಡಿದಿತ್ತು.

ಅಮ್ಮ ಆಗ ಮಲಗಿದ್ದಳು. ವಾರದ ಮೊದಲ ನೈಟ್ ಡ್ಯೂಟಿಗೆ ಮುಂಚೆ ಒಂದಿಷ್ಟು ನಿದ್ದೆ ಮಾಡಿಕೊಳ್ಳುವುದು ಅವಳ ಪದ್ಧತಿ. ಅಮ್ಮನ ರೆಪ್ಪೆ ಅಲುಗಿದ್ದನ್ನು ಕಂಡದ್ದೇ ತಡ, ಮೆರಿನ್ ಲ್ಯಾಪ್‌ಟಾಪನ್ನು ಅವಳ ಮುಖದ ಮುಂದೆಯೇ ಹಿಡಿದು, “ನೋಡು ನೋಡು ಅಮ್ಮಾ, ನೋಡು,” ಎಂದು ಭುಜ ಅಲುಗಾಡಿಸಿದಳು. ಅಮ್ಮ ಗಾಬರಿಯಿಂದ ಎದ್ದು ಕೂತು, “ಯಾವ ಬೆಡ್? ಯಾವ ಬೆಡ್?” ಎಂದಳು. ಆಮೇಲೆ ತಾನು ಮನೆಯಲ್ಲಿದ್ದೇನೆಂದು ಗೊತ್ತಾಗಿ ಜೋರಾಗಿ ಕೂಗಿದಳು. “ಮನೇಲೂ ಒಂದು ಗಳಿಗೆ ಬಿಡಲ್ವಲ್ಲ ನೀನು.”

“ಪೇಷಂಟ್ ಆಗಿದ್ರೆ ನೀನು ಹಿಂಗೆ ಬೈತಿರ್ಲಿಲ್ಲ. ನಾನು ಬರೀ ಮಗಳಲ್ವಾ,” ಎಂದುಬಿಟ್ಟಳು ಮೆರಿನ್.

ಅಮ್ಮ ಮಂಚದಿಂದ ಇಳಿದಳು. ಸೀರೆ ಉಟ್ಟು, ಬ್ಯಾಗ್ ತೆಗೆದುಕೊಂಡು ಹೊರಟುಹೋದಳು. ಮತ್ತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮೆರಿನ್‌ಗೆ ಅನ್ನಿಸಿತು.

ಸೋಮವಾರ ಸಂಜೆ ಪಪ್ಪ ಫೋನ್ ಮಾಡಿ ಅವಳ ಕೈಗೆ ಕೊಟ್ಟ. “ಊಟ ಆಯ್ತಾ?” ಎಂದಳು ಅಮ್ಮ. “ಹೂಂ,” ಎಂದಳು ಮೆರಿನ್. ಸಾರಿ ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತು. ಅಷ್ಟರಲ್ಲಿ ಯಾರೋ “ಸಿಸ್ಟರೇ” ಎಂದು ಕರೆದರು, ಫೋನ್ ಕಟ್ಟಾಯಿತು.

ಮಂಗಳವಾರ ಬೆಳಿಗ್ಗೆ ಮೆರಿನ್ ಒಂದು ಚೀಟಿಯಲ್ಲಿ ಸಾರಿ ಎಂದು ಬರೆದು ಚಾಯದ ಪುಡಿಯ ಡಬ್ಬಿಯ ಕೆಳಗಿಟ್ಟು ಶಾಲೆಗೆ ಹೋದಳು. ಪಪ್ಪ ಸೆಬಾಸ್ಟಿನ್ ಹಿನ್ನೀರಿನಲ್ಲಿ ಮುಳುಗಿ ಕಪ್ಪೆಚಿಪ್ಪು ತೆಗೆಯುವವನು. ಚಿಪ್ಪು ಬೇಯಿಸಲು ಒಲೆ ಹೊತ್ತಿಸುವಾಗ ಕೈಗೆ ಸಿಕ್ಕ ಕಾಗದವನ್ನೆಲ್ಲ ಒಲೆಗೆ ಹಾಕುವ ಪುಣ್ಯಾತ್ಮ. ಮೆರಿನ್‌ಳ ಸಾರಿಯೂ ಹಾಗೆಯೇ ಒಲೆ ಸೇರಿತು. ಆ ದಿನ ಬೋಟಿನಲ್ಲಿ ಅಮ್ಮ ಈಚೆ ಬದಿಯಲ್ಲೇ ಕೂತಿದ್ದಳು, ಆದರೆ ಕಂಬಿಗೆ ತಲೆ ಆನಿಸಿ ನಿಜವಾಗಿಯೂ ನಿದ್ದೆ ಹೋಗಿದ್ದಳು.

ಆಗ ಮೆರಿನ್‌ಗೆ ಲ್ಯಾಪ್‌ಟಾಪಿನ ಯೋಚನೆ ಬಂತು.

ಅಮ್ಮ ನರ್ಸಿಂಗಿನ ಮೇಲಿನ ಹಂತದ ಪರೀಕ್ಷೆಗೆ ಓದುತ್ತಿದ್ದಾಳೆ. ಮಧ್ಯಾಹ್ನ ಎದ್ದ ಕೂಡಲೇ ಹಾಲಿಲ್ಲದ ಚಾಯ ಹಿಡಿದು ಲ್ಯಾಪ್‌ಟಾಪ್ ತೆರೆಯುತ್ತಾಳೆ. ಅದನ್ನು ಆಫ್ ಮಾಡುವ ಅಭ್ಯಾಸ ಅವಳಿಗಿಲ್ಲ. ಓದು ಮುಗಿದರೆ ಟಪ್ಪೆಂದು ಮುಚ್ಚುತ್ತಾಳೆ, ಅದು ನಿದ್ದೆ ಹೋಗುತ್ತದೆ. ತೆರೆದರೆ ಎಚ್ಚರವಾಗುತ್ತದೆ. ಹಾಗೆ ಎಚ್ಚರವಾದಾಗ ತನ್ನಷ್ಟಕ್ಕೇ ಬೋಟಿನ ಫಿಲ್ಮ್ ತೆರೆದುಕೊಂಡರೆ? ಕೊನೆಯಲ್ಲಿ ‘ಸಾರಿ ಅಮ್ಮಾ’ ಎಂದು ಬಂದರೆ? ಅಮ್ಮ ನೋಡಲೇಬೇಕು.

ಎಚ್ಚರವಾದಾಗ ಮಾಡುವ ಕೆಲಸಗಳನ್ನು ಬರೆದಿಡಲು ಲ್ಯಾಪ್‌ಟಾಪಿನ ಒಳಗೊಂದು ಜಾಗವಿದೆ ಎಂದು ಕ್ಲಬ್ಬಿನಲ್ಲಿ ಹೇಳಿಕೊಟ್ಟಿದ್ದರು. ಅಲ್ಲಿಗೆ ಹೋಗಲು ಮುಖ್ಯ ಪಾಸ್‌ವರ್ಡ್ ಬೇಕು. ಅದನ್ನು ಇಟ್ಟವನು ಪಪ್ಪ, ಆದ್ದರಿಂದ ಅದು ಒಂದು ಮೀನಿನ ಹೆಸರೇ ಆಗಿರಬೇಕು. ಎರಡನೇ ಮೀನಿಗೇ ಬಾಗಿಲು ತೆರೆಯಿತು. ಮೆರಿನ್ ನಾಲ್ಕು ಸಾಲು ಬರೆದು, ಮುಚ್ಚಿ, ತೆರೆದಳು. ಏನೂ ಬರಲಿಲ್ಲ. ಮತ್ತೆ ಮುಚ್ಚಿ ತೆರೆದಳು. ಅಮ್ಮನ ಪರದೆ ಖಾಲಿಯಾಗಿಯೇ ಇತ್ತು.

ಬುಧವಾರ ಕ್ಲಬ್ಬಿನಲ್ಲಿ ಸಾಬಿರಾ ಟೀಚರ್ ಅವಳ ನೋಟ್‌ಬುಕ್ ನೋಡಿದರು. ಲ್ಯಾಪ್‌ಟಾಪ್ ತಾನು ಮಾಡಿದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಡುತ್ತದೆ. ಅದರ ಒಂದು ಸಾಲನ್ನು ಮೆರಿನ್ ಕಾಪಿ ಮಾಡಿ ತಂದಿದ್ದಳು.

“ಪರದೆ ಸಿಗಲಿಲ್ಲ ಅಂತ ಬರೆದಿದೆ ಇದ್ರಲ್ಲಿ,” ಎಂದರು ಟೀಚರ್. “ಯಾರ ಹೆಸರಲ್ಲಿ ಕೆಲಸ ಹೇಳಿದ್ದೆ?”

“ಯಾರ ಹೆಸರಲ್ಲೂ ಇಲ್ಲ ಟೀಚರೇ. ಲ್ಯಾಪ್‌ಟಾಪಿಗೇ ಹೇಳಿದ್ದೆ.”

“ಅಲ್ಲೇ ನೀನು ಎಡವಿದ್ದು. ಅದು ಎಚ್ಚರ ಆದಾಗ ಆ ಜಾಗದ ಕೆಲಸ ಎಲ್ಲಾ ಮಾಡೋದು ಒಳಗಿರೋ ಕಾರಣವರು.”

ಮಕ್ಕಳೆಲ್ಲ ನಕ್ಕರು. ಹಿಂದೆ ದೊಡ್ಡ ಮನೆಗಳಲ್ಲಿ ಎಲ್ಲರ ಮೇಲೂ ಯಜಮಾನಿಕೆ ನಡೆಸುತ್ತಿದ್ದ ಹಿರಿಯ ಸೋದರಮಾವನಿಗೆ ಕಾರಣವರು ಎನ್ನುತ್ತಿದ್ದರು. ಫಿದಾ ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೀಸೆ ತಿರುವಿದಳು.

“ನಗ್ರಿ ನಗ್ರಿ,” ಎಂದರು ಟೀಚರ್. “ಕಾರಣವರ ಕೈಯಲ್ಲಿ ಮನೆಯ ಎಲ್ಲಾ ಬೀಗದ ಕೈ ಇರ್ತವೆ. ಆದ್ರೆ ಅವರಿಗೆ ಅಂತ ಒಂದು ಪರದೆ ಇಲ್ಲ. ಪರದೆ ಇರೋದು ನಿಮ್ಮಮ್ಮಂಗೆ. ಅಮ್ಮನ ಹೆಸರಲ್ಲಿ, ಅಮ್ಮನ ಪರದೆ ಮೇಲೆ ತೋರ್ಸು ಅಂತ ಬಿಡಿಸಿ ಹೇಳ್ಬೇಕು. ಇಲ್ದಿದ್ರೆ ಪಾಪ, ನಿನ್ನ ಫಿಲ್ಮ್ ಬರುತ್ತೆ, ಜಾಗ ಹುಡುಕುತ್ತೆ, ವಾಪಸ್ ಹೋಗುತ್ತೆ.”

ಮೆರಿನ್ ಆ ದಿನ ಉಳಿದ ಪಾಠಗಳಲ್ಲಿ ಅದನ್ನೇ ಕಾಣುತ್ತಿದ್ದಳು. ಲ್ಯಾಪ್‌ಟಾಪಿನ ಒಳಗೆ ಕತ್ತಲು ಕತ್ತಲಾದ ಹಿನ್ನೀರು. ಎರಡು ಬೋಟುಗಳು ಹೊರಟು ಬರುತ್ತಿವೆ. ಯಾವ ದಡದಲ್ಲೂ ದೀಪವಿಲ್ಲ. ಇಲ್ಲಿ ಯಾರ ಮನೆ, ಯಾರನ್ನು ಕೇಳುವುದು? ಪುಟ್ಟ ಕೈಗಳು ಎದ್ದು, ಯಾರೂ ನೋಡದೆ, ಮತ್ತೆ ಕೆಳಗಿಳಿಯುತ್ತಿವೆ. ಅವಳಿಗೆ ಅಳು ಬಂದಂತಾಯಿತು. ಸೋಶಿಯಲ್ ಟೀಚರ್ ಮೂರು ಸಲ ಹೆಸರು ಕೂಗಿದರೂ ಕೇಳಿಸಲಿಲ್ಲ. ಸಂಜೆ ಜೋರು ಮಳೆ. ಎರಡೂ ಬೋಟುಗಳು ಟಾರ್ಪಾಲಿನ್ ಇಳಿಬಿಟ್ಟುಕೊಂಡೇ ಒಂದನ್ನೊಂದು ದಾಟಿದವು.

ಮನೆಗೆ ಬಂದವಳೇ ಟೀಚರ್ ಹೇಳಿದಂತೆ ಅಮ್ಮನ ಹೆಸರು ಬರೆದಳು, ಅಮ್ಮನ ಪರದೆಯನ್ನೂ ಬರೆದಳು. ಮುಚ್ಚಿದಳು. ತೆರೆದಳು. ಈ ಸಲ ಬಂತು. ಆದರೆ ಪರದೆ ಬೆಳಗುವಷ್ಟರಲ್ಲಿ ಬೋಟುಗಳು ದಾಟಿಯೇ ಹೋಗಿದ್ದವು. ಇಳಿಯುತ್ತಿದ್ದ ಒಂದು ಕೈಯ ತುದಿ ಮಾತ್ರ ಕಂಡಿತು.

ಇನ್ನೊಂದು ಸಲ ತೆರೆದು, ಕೀಬೋರ್ಡಿಗೆ ಕಿವಿ ಇಟ್ಟಳು. ಒಳಗಿನ ಫ್ಯಾನ್ ಗುಯ್ ಎಂದಿತು. ಏನೋ ಟಿಕ್ ಎಂದಿತು. ಪರದೆ ಇನ್ನೂ ಕಪ್ಪಗೇ ಇತ್ತು. ಎಚ್ಚರವೇನೋ ಆಗಿದೆ, ಕಣ್ಣು ಬಿಟ್ಟಿಲ್ಲ. ಅಷ್ಟರಲ್ಲೇ ಫಿಲ್ಮ್ ಶುರುವಾಗಿಬಿಡುತ್ತಿದೆ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಫಿಲ್ಮ್ ಶುರುಮಾಡುವ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿದಳು. ಎಚ್ಚರವಾದ ಮೇಲೆ ಹತ್ತು ಸೆಕೆಂಡು ಸುಮ್ಮನಿರು.

“ಹತ್ತು ಸೆಕೆಂಡಾ?” ಎಂದ ಹಿಂದೆ ನಿಂತಿದ್ದ ಪಪ್ಪ. “ಅಷ್ಟರಲ್ಲಿ ನಾನು ಇಪ್ಪತ್ತು ಚಿಪ್ಪು ಬಿಡಿಸ್ತೀನಿ.”

“ಸುಮ್ನಿರು ಪಪ್ಪಾ.”

ಪರದೆ ಬೆಳಗಿತು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ನೀಲಿ ನೀರು ಹರಡಿಕೊಂಡಿತು. ಬೋಟುಗಳು ಬಂದವು, ಕೈಗಳು ಎದ್ದವು, ‘ಸಾರಿ ಅಮ್ಮಾ’ ಎಂದು ಬಂತು. ಪಪ್ಪ ಬಗ್ಗಿ ಪರದೆಯ ಮೂಲೆ ಮೂಲೆಯನ್ನೂ ನೋಡಿದ. ಆಮೇಲೆ, “ಇದ್ರಲ್ಲಿ ನನ್ನ ದೋಣಿನೇ ಇಲ್ವಲ್ಲ,” ಎಂದು ಗೊಣಗಿ ಅಡುಗೆಮನೆಗೆ ಹೋದ.

ಗುರುವಾರ ಮಧ್ಯಾಹ್ನ ಮೆರಿನ್ ತರಗತಿಯ ಗಡಿಯಾರವನ್ನೇ ನೋಡುತ್ತಿದ್ದಳು. ಈಗ ಅಮ್ಮ ಎದ್ದಳು. ಈಗ ಚಾಯ ಮಾಡಿದಳು. ಈಗ ತೆರೆದಳು. ಅವಳು ಮನಸ್ಸಿನಲ್ಲೇ ಹತ್ತು ಎಣಿಸಿದಳು. ಅಮ್ಮ ನಕ್ಕಳೋ ಇಲ್ಲವೋ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ಕಾಣಲಿಲ್ಲ.

ಸಂಜೆ ಕೆಂಪು ಕಂಬದ ಹತ್ತಿರ ಎದುರಿನ ಬೋಟು ಬಂತು. ಮೆರಿನ್ ಈಚೆ ಬದಿಯ ಸೀಟುಗಳನ್ನು ನೋಡಿದಳು, ಆಚೆ ಬದಿಯನ್ನೂ ನೋಡಿದಳು. ಅಮ್ಮ ಆ ಬೋಟಿನಲ್ಲಿ ಇರಲೇ ಇಲ್ಲ.

“ಬೇರೆ ಬೋಟಿಗೆ ಹೋಗಿರ್ತಾರೆ ಬಿಡೇ,” ಎಂದಳು ಫಿದಾ, ಈ ಸಲ ಮೆಲ್ಲಗೆ.

ನನ್ನನ್ನು ನೋಡಬಾರದೆಂದೇ ಬೇಗ ಹೊರಟುಹೋದಳೇ? ಮೆರಿನ್ ಎಲ್ಲರಿಗಿಂತ ಮುಂದೆ ಹೋಗಿ ಇಳಿಯುವ ಜಾಗದಲ್ಲಿ ನಿಂತಳು. ಕಟ್ಟೆಗೆ ಬೋಟು ತಾಗಿದ್ದೇ ಹಾರಿ ಇಳಿದು ಮನೆಗೆ ಓಡಿದಳು.

ಅಂಗಳದಲ್ಲಿ ಪಪ್ಪ ಬೆಂದ ಚಿಪ್ಪುಗಳನ್ನು ಬಿಡಿಸುತ್ತ ಕೂತಿದ್ದ. “ಮೆಲ್ಲಗೆ ಮೆಲ್ಲಗೆ. ಅಮ್ಮ ಮಲಗಿದಾಳೆ. ನಿನ್ನೆ ರಾತ್ರಿ ಇಬ್ರ ಕೆಲಸ ಒಬ್ಬಳೇ ಮಾಡಿದಾಳಂತೆ. ಅದಕ್ಕೆ ಇವತ್ತು ಅವಳ ಬದಲು ಬೇರೆ ಸಿಸ್ಟರ್ ಹೋಗ್ತಾರೆ.”

“ಲ್ಯಾಪ್‌ಟಾಪ್ ತೆಗೆದ್ಳಾ?”

“ಎಲ್ಲಿ ತೆಗೀತಾಳೆ? ಬಂದವಳೇ ಬಿದ್ಕೊಂಡ್ಳು. ಇನ್ನೂ ಎದ್ದಿಲ್ಲ.”

ಕೋಣೆಯಲ್ಲಿ ಅರೆಗತ್ತಲು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿದ ಲ್ಯಾಪ್‌ಟಾಪಿನ ಪುಟ್ಟ ದೀಪ ನಿಧಾನವಾಗಿ ಹತ್ತಿ ನಿಧಾನವಾಗಿ ಆರುತ್ತಿತ್ತು. ಅಮ್ಮ ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ ಯಾವುದೋ ನಂಬರು ಇನ್ನೂ ಅಳಿಸಿರಲಿಲ್ಲ. ಮೆರಿನ್ ನೆಲದ ಮೇಲೆ ಕೂತಳು. ಕಿಟಕಿಯ ಪರದೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ದೂರದಲ್ಲಿ ಒಂದು ಬೋಟು ಹಾರ್ನ್ ಮಾಡಿತು. ಹೇಳಬೇಕಾದ್ದು ಬೆಟ್ಟದಷ್ಟಿತ್ತು.

ಎಷ್ಟೋ ಹೊತ್ತಿನ ಮೇಲೆ ಅಮ್ಮನ ಕಣ್ಣು ತೆರೆಯಿತು. ಅದು ಮೊದಲು ಹೆಂಚನ್ನು ನೋಡಿತು. ಆಮೇಲೆ ಮೆರಿನ್‌ಳ ಕಡೆಗೇ ತಿರುಗಿತು, ಆದರೆ ಅವಳನ್ನು ಕಾಣಲಿಲ್ಲ. ಮೆರಿನ್ ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಅಮ್ಮನಿಗೆ ಎಚ್ಚರವಾಗಿತ್ತು, ಆದರೆ ಅಮ್ಮ ಇನ್ನೂ ಬಂದಿರಲಿಲ್ಲ. ಯಾವುದೋ ವಾರ್ಡಿನಿಂದ, ಯಾವುದೋ ಮಂಚದ ಪಕ್ಕದಿಂದ ಹೊರಟು ಬರುತ್ತಿರಬೇಕು. ಮೆರಿನ್ ಮೊಣಕಾಲಿನ ಮೇಲೆ ಗಲ್ಲವಿಟ್ಟು ಕಾದಳು.

ಅಮ್ಮನ ಕಾಲ್ಬೆರಳು ಅಲುಗಿತು. ಅವಳು ಒಂದು ಉದ್ದನೆಯ ಉಸಿರು ಬಿಟ್ಟಳು. ಆಮೇಲೆ ಅವಳ ಕಣ್ಣೊಳಗೆ ಅಮ್ಮ ಕಂಡಳು.

“ಮಗಳೇ, ಯಾವಾಗ ಬಂದೆ?”

“ಈಗಷ್ಟೇ.”

ಅಮ್ಮ ಎದ್ದು ಕೂತು, ಅಭ್ಯಾಸಬಲದಿಂದ ಲ್ಯಾಪ್‌ಟಾಪನ್ನು ಮಂಚದ ಮೇಲೆ ಎಳೆದುಕೊಂಡು ತೆರೆದಳು. ಫ್ಯಾನ್ ಗುಯ್ ಎಂದಿತು. ಮೆರಿನ್ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು, ಎರಡು, ಮೂರು.

ಅಮ್ಮ ಪರದೆ ನೋಡದೆ ಮಗಳ ಕಡೆಗೆ ತಿರುಗಿ ಕೂತಳು. “ಸೋಮವಾರ ನಾನು ಬೇಕಂತಲೇ ಆಚೆ ಸೀಟಲ್ಲಿ ಕೂತಿದ್ದೆ. ಆಮೇಲೆ ಡ್ಯೂಟಿ ಪೂರ್ತಿ ಅದೇ ಚುಚ್ತಾ ಇತ್ತು.”

“ನಾನು ಹಂಗನ್ನಬಾರದಿತ್ತು ಅಮ್ಮಾ.” ಗಂಟಲಲ್ಲಿ ಕೂತಿದ್ದ ಮಾತು ತಾನಾಗಿಯೇ ಹೊರಬಿತ್ತು. “ಪೇಷಂಟ್ ಅದೂ ಇದೂ ಅಂತ. ಸಾರಿ.”

“ಅನ್ನಬಾರದಿತ್ತು. ನಾನೂ ಕೂಗಬಾರದಿತ್ತು. ಬಾ ಇಲ್ಲಿ.”

ಅಮ್ಮ ಅವಳನ್ನು ಎಳೆದು ಅಪ್ಪಿಕೊಂಡಳು. ಅಮ್ಮನ ಮೈ ನಿದ್ದೆಯಿಂದ ಬೆಚ್ಚಗಿತ್ತು. ಅವಳ ಭುಜದ ಮೇಲಿನಿಂದ ಮೆರಿನ್‌ಗೆ ಪರದೆ ಕಾಣುತ್ತಿತ್ತು. ನೀಲಿ ನೀರು ಹರಡಿಕೊಂಡಿತು. ಆ ಕಡೆಯಿಂದೊಂದು, ಈ ಕಡೆಯಿಂದೊಂದು ಬೋಟು ಬಂತು. ಒಂದು ಕೈ ಎದ್ದಿತು, ಎರಡು ಪುಟ್ಟ ಕೈಗಳು ಎದ್ದವು. ‘ನೋಡು’ ಎಂಬ ಮಾತು ಮೆರಿನ್‌ಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಹೇಳಲಿಲ್ಲ. ಬೋಟುಗಳು ದಾಟಿ ಹೋದವು.

“ಏನೇ ಅದು ಬೆಳಕು?” ಎಂದಳು ಅಮ್ಮ, ಅವಳ ಕೂದಲಲ್ಲಿ ಮುಖವಿಟ್ಟುಕೊಂಡೇ.

“ಏನಿಲ್ಲ. ಆಮೇಲೆ ತೋರಿಸ್ತೀನಿ,” ಎಂದಳು ಮೆರಿನ್.