ಅರ್ಧಕ್ಕೆ ಇಟ್ಟ ಬ್ಯಾಟರಿ

"ಆ ಕಾರಿನ ಬ್ಯಾಟರಿ ಅರ್ಧಕ್ಕ ಇಡ್ರಿ, ಅಳಿಯಾವ್ರ," ಎಂದಳು ಚಂದ್ರವ್ವ. "ಪೂರ್ತಿ ತುಂಬಸಬ್ಯಾಡ್ರಿ, ತುಂಬಿದ್ರ ಅದಕ್ಕ ಕಣ್ಣು ಕಾಣ್ತೈತಿ. ಖಾಲಿನೂ ಬಿಡಬ್ಯಾಡ್ರಿ. ಬಿಟ್ರ ಮನಿಯವ್ರ ಜೀವಾ ಹೀರ್ತೈತಿ."

ಅನಿಕೇತ ನಕ್ಕ. ಬೆಳಗಾವಿಯ ಹಿಂದವಾಡಿಯ ಆ ಅಡುಗೆಮನೆಯಲ್ಲಿ, ಅತ್ತೆ ಮಾಡಿಕೊಟ್ಟ ಚಹಾ ಕುಡಿಯುತ್ತಲೇ ಅತ್ತೆಯ ಮುಖಕ್ಕೆ ನಕ್ಕ. ಮಾವ ದುಂಡಪ್ಪ ತೀರಿಕೊಂಡ ಮೇಲೆ ಹೆಂಡತಿ ಸಮೃದ್ಧಿಯೊಡನೆ ಪುಣೆ ಬಿಟ್ಟು ಬೆಳಗಾವಿಗೆ ಬಂದವನು ಅವನು. ಹಳೇ ಕಾರುಗಳನ್ನು ಓಡುವಂತೆ ಮಾಡುವುದು ಅವನ ಕಸುಬು. ಪುಣೆಯ ಶ್ರೀಮಂತರು ಅವನನ್ನು ಕರೆದು ಸೋಫಾದ ಮೇಲೆ ಕೂರಿಸುತ್ತಿದ್ದರಾದ್ದರಿಂದ, ತನಗೆ ತಿಳಿಯದ್ದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂಬ ಭ್ರಮೆ ಅವನ ತಲೆಗೆ ಚೆನ್ನಾಗಿ ಏರಿತ್ತು. ಈಗ ಅವನ ಕಣ್ಣು ಬಿದ್ದದ್ದು ಗುಂಜಿ ಎಂಬ ಹಳ್ಳಿಯ ಹೊಲದ ಪತ್ರಾಸ್ ತಗಡಿನ ಶೆಡ್ಡಿನಲ್ಲಿದ್ದ ಮಾವನ ಕಾರಿನ ಮೇಲೆ. ಬ್ರಿಟಿಷರ ಕಾಲದ ಕಪ್ಪು ಕಾರು, ಆರು ವೋಲ್ಟಿನ ಬ್ಯಾಟರಿಯದು. ಬೆಳಗಾವಿಯಲ್ಲಿ ನಡೆಯಲಿದ್ದ ಹಳೇ ಕಾರುಗಳ ಮೆರವಣಿಗೆಯಲ್ಲಿ ಅದನ್ನು ಓಡಿಸಬೇಕೆಂದು ಅವನು ಹಟ ಹಿಡಿದಿದ್ದ.

"ಅರ್ಧ ತುಂಬಿದ ಬ್ಯಾಟರಿ ಅಂದ್ರ ಅರ್ಧ ಸತ್ತ ಬ್ಯಾಟರಿ, ಅತ್ತಿ," ಎಂದ. "ಒಳಗಿನ ಸೀಸದ ತಗಡಿಗೆ ಬಿಳಿ ಬೂಷ್ಟ ಹಿಡೀತೈತಿ. ಮಾವಾವ್ರು ವರ್ಷಕ್ಕೊಂದು ಬ್ಯಾಟರಿ ಕೊಂದಾರ, ಅಷ್ಟ."

ಚಂದ್ರವ್ವ ಬಾಗಿಲ ಕಡೆ ನೋಡಿ, ಮಗಳು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹಳೆಯ ಕತೆ ಹೇಳಿದಳು. ಸಮೃದ್ಧಿ ಹುಟ್ಟುವ ಮೊದಲು ದುಂಡಪ್ಪ ಅದೇ ಕಾರಿನಲ್ಲಿ ಗುಂಜಿ ರಸ್ತೆಯಲ್ಲಿ ಕುರಿ ಕಾಯುವ ಸಾತವ್ವನ ಮಗಳ ಮೇಲೆ ಹಾಯ್ದು, ನಿಲ್ಲಿಸದೆ ಮನೆಗೆ ಬಂದಿದ್ದ. ಸಾತವ್ವ, ಮಗಳು ಸತ್ತುಬಿದ್ದಲ್ಲಿನ ಮಣ್ಣನ್ನು ತಂದು, ಅಮಾವಾಸ್ಯೆಯ ದಿನ ಕಾರಿನ ಎರಡೂ ದೀಪಗಳಿಗೆ ಬಳಿದು, ನನ್ನ ಕಣ್ಣು ನನ್ನ ಮಗಳನ್ನು ಹುಡುಕುವಂತೆ ಈ ಗಾಡಿಯ ಕಣ್ಣು ನಿನಗೆ ಹುಟ್ಟುವ ಮಗಳನ್ನು ಹುಡುಕಲಿ ಎಂದು ಮಾಟ ಕಟ್ಟಿ ಹೋದಳು. ಸಮೃದ್ಧಿ ತೊಟ್ಟಿಲಲ್ಲಿದ್ದಾಗ ಕಾರು ತಾನಾಗಿ ಉರುಳಿ ಹೊಸ್ತಿಲವರೆಗೆ ಬಂದಿತ್ತು. ಗಾಬರಿಯಾಗಿ ಬ್ಯಾಟರಿ ಕಿತ್ತಿಟ್ಟರೆ ದುಂಡಪ್ಪನ ತಾಯಿ ಹಾಸಿಗೆ ಹಿಡಿದು, ಮೈಯ ಕಸುವೆಲ್ಲ ಬಸಿದುಹೋಗಿ ಸತ್ತಳು. ಆಗೆಲ್ಲ ಬ್ಯಾಟರಿಯಿಲ್ಲದ ಕಾರಿನ ದೀಪ ಮಿಣುಕುತ್ತಿತ್ತಂತೆ. ಮಾಟ ಬಿಡಿಸಲಾಗದು, ಕಣ್ಣು ಮಂದ ಮಾಡಿ ಇಡಬಹುದು ಅಷ್ಟೇ ಎಂದು ಖಾನಾಪುರದ ಮಾಂತ್ರಿಕನೊಬ್ಬ ಹೇಳಿದ್ದ. ಅಂದಿನಿಂದ ದುಂಡಪ್ಪ ಸಾಯುವವರೆಗೂ ಬ್ಯಾಟರಿಯನ್ನು ಅರ್ಧಕ್ಕೇ ಕಾಯ್ದುಕೊಂಡು ಬಂದ.

ಹಾಗಿದ್ದರೆ ಗುಜರಿಗೆ ಯಾಕೆ ಹಾಕಲಿಲ್ಲ ಎಂದು ಅನಿಕೇತ ಕೆಣಕಿದ.

"ನಮ್ಮ ಕಡೆ ಇದ್ರ ಎಲ್ಲೈತಿ ಅಂತಾದ್ರೂ ಗೊತ್ತಿರತೈತಿ," ಎಂದಳು ಚಂದ್ರವ್ವ.

ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆ ಪೆಟ್ಟು ಎನ್ನುತ್ತಾರೆ. ನಮ್ಮ ಅಳಿಯರಾಯರು ತಮ್ಮನ್ನು ಜಾಣರೆಂದುಕೊಂಡಿದ್ದರು. ಮರುದಿನ ಬೆಳಿಗ್ಗೆಯೇ ಹೊಸ ಬ್ಯಾಟರಿ, ಚಾರ್ಜರು ಹಾಕಿಕೊಂಡು ಗುಂಜಿಗೆ ಹೊರಟರು. ಶೆಡ್ಡಿನ ಮುಂದೆ ಊರವರು ನಾಲ್ಕು ಜನ ಸೇರಿ ಇಣುಕತೊಡಗಿದಾಗ, ನೋಡಲಿಕ್ಕೆ ಇದೇನು ಬಯಲಾಟವೇ ಎಂದು ಗದರಿ, ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡರು. ಚಾರ್ಜಾಗುವ ಬ್ಯಾಟರಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಗಾಳಿ ಉಗುಳುತ್ತದೆ, ಕೋಣೆ ತೆರೆದಿರಬೇಕು ಎಂಬುದು ಇವರೇ ಪುಣೆಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ ಮಾತು. ಹಳ್ಳಿಯವರ ಮೇಲಿನ ತಾತ್ಸಾರದ ಮುಂದೆ ಆ ಪಾಠ ಮರೆತೇಹೋಯಿತು.

ಬ್ಯಾಟರಿಯನ್ನು ಬಾನೆಟ್ಟಿನ ಕೆಳಗೆ ಕೂರಿಸಿ, ಮೂರೂ ಮುಚ್ಚಳ ಬಿಚ್ಚಿ, ಚಾರ್ಜರನ್ನು ಸಣ್ಣಗೆ ಇಟ್ಟ. ಆರು ವೋಲ್ಟಿನದಕ್ಕೆ ಅವಸರ ಮಾಡಬಾರದು. ಹಸುಗೂಸಿಗೆ ಹಾಲು ಕುಡಿಸಿದ ಹಾಗೆ ನಿಧಾನವಾಗಿ ತುಂಬಬೇಕು. ಹೊತ್ತು ಇಳಿಯಿತು. ಶೆಡ್ಡಿನೊಳಗೆ ಇಲಿಯ ಉಚ್ಚೆ, ಹಳೇ ರೆಕ್ಸಿನ್ನು, ಮೂಗು ಸುಡುವ ಆಸಿಡ್ಡಿನ ವಾಸನೆ ದಟ್ಟವಾಯಿತು. ಬ್ಯಾಟರಿಯ ಹೊಟ್ಟೆಯಲ್ಲಿ ಗುಳುಗುಳು ಸದ್ದು ಎದ್ದಿತು. ಅವನು ಬಗ್ಗಿ ಗಾಜಿನ ನಳಿಗೆಯಲ್ಲಿ ಆಸಿಡ್ಡು ಎಳೆದು ನೋಡಿದ. ಪೂರ್ತಿ ತುಂಬಿತ್ತು.

ಚಾರ್ಜರು ಇನ್ನೂ ತೆಗೆದಿರಲಿಲ್ಲ. ದೀಪದ ಗುಂಡಿಯನ್ನು ಅವನು ಮುಟ್ಟಿರಲಿಲ್ಲ. ದೀಪ ಹತ್ತಿದವು.

ಆರು ವೋಲ್ಟಿನ ದೀಪ ಎಂದರೆ ಕಂದೀಲಿನ ಹಾಗೆ ಹಳದಿ, ಮಂಕು. ಇವು ಹಾಗಿರಲಿಲ್ಲ. ಬೆಳ್ಳಗೆ ಉರಿದವು. ಎದುರಿನ ಬಾಗಿಲಿನ ಮೇಲೆ ಬಿದ್ದ ಎರಡು ಬೆಳಕಿನ ಬಿಲ್ಲೆಗಳು ನಿಧಾನವಾಗಿ ಸರಿದವು. ಎಡಕ್ಕೆ. ಬಲಕ್ಕೆ. ಕಾರು ಮಾತ್ರ ಅಲುಗಿರಲಿಲ್ಲ. ವೈರು ಎಲ್ಲೋ ತಾಕುತ್ತಿದೆ ಎಂದು ಅನಿಕೇತ ತನಗೆ ತಾನೇ ಹೇಳಿಕೊಂಡ.

ಆಗ ಬಾಗಿಲು ತೆರೆಯಿತು. ಫೋನು ಎತ್ತದ ಗಂಡನನ್ನು ಹುಡುಕಿಕೊಂಡು ಸಮೃದ್ಧಿ ಸಂಜೆಯ ಬಸ್ಸಿಗೆ ಬಂದಿದ್ದಳು.

ಬೆಳಕು ಅವಳ ಮೇಲೆ ನಿಂತಿತು.

"ಏನ್ರಿ ಇದು, ಕಣ್ಣು ಕೋರೈಸ್ತಾವ," ಎಂದು ಅವಳು ಕೈ ಅಡ್ಡ ಹಿಡಿದಳು. ಕಾಲು ಕೀಳಲಾಗಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿತು. ಬೀಗದ ಕೈ ಅನಿಕೇತನ ಕಿಸೆಯಲ್ಲಿತ್ತು. ಕಾರು ಹೊರಟಿತು. ಅವನು ಮುಂದಿನ ಮಡ್‌ಗಾರ್ಡು ಹಿಡಿದು ಜಗ್ಗಿದ. ನಿಲ್ಲಲಿಲ್ಲ. ಕೂಗಿದ. ಅವಳು ಅಲುಗಲಿಲ್ಲ. ಮಾರುದ್ದ ಉಳಿಯಿತು. ಮೊಳವುಳಿಯಿತು. ತುಂಬಿದ ಬ್ಯಾಟರಿಯಿಂದ ಕರೆಂಟು ಹರಿಯುತ್ತಿರುವ ವೈರಿನ ಚಿಮಟಿಗೆ ಕೀಳಬಾರದು, ಕಿಡಿ ಹಾರುತ್ತದೆ, ಕಣ್ಣು ಹೋಗುತ್ತವೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೈ ಹಾಕಿದ. ಕಿತ್ತ.

ಸಿಡಿಲು ಬಡಿದಂತೆ ಬ್ಯಾಟರಿ ಒಡೆಯಿತು.

ಕಾರು ಸಮೃದ್ಧಿಯ ಸೀರೆಯ ನೆರಿಗೆಗೆ ತಾಗಿ ನಿಂತಿತ್ತು. ಅವಳಿಗೆ ಒಂದು ಗೀರೂ ಆಗಲಿಲ್ಲ. ಅನಿಕೇತನ ಎರಡೂ ಕಣ್ಣು ಆಸಿಡ್ಡಿಗೆ ಹೋದವು.

ಇಷ್ಟು ದೊಡ್ಡ ಪರಿಣತನಿಗೆ ಕಿಟಕಿ ತೆಗೆಯುವಷ್ಟು ಬುದ್ಧಿ ಇರಲಿಲ್ಲವೇ ಎಂದು ಬೆಳಗಾವಿಯ ಗ್ಯಾರೇಜುಗಳಲ್ಲಿ ಆಡಿಕೊಂಡರು. ಅನಿಕೇತ ಆಸ್ಪತ್ರೆಯಿಂದ ಮನೆಗೆ ಬಂದು, ಹೆಂಡತಿಯ ಕೈಯಡುಗೆ ಉಂಡು, ಮೈಗೆ ಸ್ವಲ್ಪ ಕಸುವು ಬಂದ ದಿನ ಕತ್ತಲೆಯಲ್ಲಿ ಹಳದಿ ಬೆಳಕು ಕಂಡಿತು. ದೃಷ್ಟಿ ಮರಳಿತೆಂದು ಅವನ ಎದೆ ಹಿಗ್ಗಿತು. ಬೆಳಕು ತುಸು ಗಟ್ಟಿಯಾದಾಗ ಎದುರಿಗೆ ಒಂದು ಬಾಗಿಲು ಕಂಡಿತು. ಗುಂಜಿಯ ಶೆಡ್ಡಿನ ಬಾಗಿಲು, ಒಳಗಿನಿಂದ.

ಅವನು ಹೊಟ್ಟೆ ತುಂಬ ಉಂಡ ದಿನ ಆ ಬೆಳಕು ಬೆಳ್ಳಗಾಗುತ್ತಿತ್ತು. ಬಾಗಿಲ ಬಿರುಕಿನಾಚೆ ಬೆಳಗಾವಿಗೆ ಹೋಗುವ ರಸ್ತೆ ಕಾಣುತ್ತಿತ್ತು, ಚಕ್ರ ಕದಲುವ ಸದ್ದು ಕೇಳುತ್ತಿತ್ತು. ಉಪವಾಸವಿದ್ದ ದಿನ ಎಲ್ಲ ಮಂದವಾಗುತ್ತಿತ್ತು. ಇದನ್ನು ಅವನು ಅತ್ತೆಯೊಬ್ಬಳಿಗೇ ಹೇಳಿದ. ಅರ್ಧ ತುಂಬಿದ ಬೇರೆ ಬ್ಯಾಟರಿಯನ್ನು ತಾನು ಆಗಲೇ ಕಾರಿಗೆ ಇಡಿಸಿ ನೋಡಿದ್ದಾಗಿ ಅವಳು ಹೇಳಿದಳು. ಕಾರು ಅದರಿಂದ ಒಂದಿಷ್ಟೂ ಹೀರಿರಲಿಲ್ಲ.

"ಈಗ ಅದಕ್ಕ ನಿಮ್ಮ ಕಣ್ಣ ಸಿಕ್ಕಾವು," ಎಂದಳು. "ನೀವು ಸತ್ರ ಮತ್ತ ಮನ್ಯಾಗಿನ ಇನ್ನೊಬ್ಬರನ್ನ ಹಿಡೀತೈತಿ. ನೀವು ಸಾಯಬಾರ್ದು. ಗಟ್ಟಿನೂ ಆಗಬಾರ್ದು."

ಆ ಮಧ್ಯಾಹ್ನ ಸಮೃದ್ಧಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಗಂಡನ ತಾಟಿಗೆ ಹಾಕಿದಳು. ದಿನದಿನಕ್ಕೆ ಸೊರಗುತ್ತಿದ್ದೀರಿ, ನನ್ನ ಸಲುವಾಗಿಯಾದರೂ ಇದೊಂದು ಉಣ್ಣಿರಿ ಎಂದು ಅಂಗಲಾಚಿದಳು. ಹಸಿವಿನಿಂದ ಅವನ ಕರುಳು ಚುರುಗುಟ್ಟುತ್ತಿತ್ತು. ಬೆಣ್ಣೆಯ ಘಮಕ್ಕೆ ಬಾಯಲ್ಲಿ ನೀರೂರಿತು, ಕೈ ತಾನಾಗಿ ತಾಟಿನ ಕಡೆ ಹೋಯಿತು. ಅವಳು ನೀರು ತರಲು ಒಳಗೆ ಹೋದಳು.

ಹೆಜ್ಜೆಯ ಸದ್ದಾಯಿತು. ಚಂದ್ರವ್ವ ಬಂದು ಅಳಿಯನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ರೊಟ್ಟಿ ಮುರಿದು ಅರ್ಧ ಎತ್ತಿಕೊಂಡಳು.