ಹೊಸ ಬಾಲದ ರಕ್ತನಾಳ

“ಮುಟ್ಟಬ್ಯಾಡ್ರಿ!”

ಬೇರೆ ಯಾರಾಗಿದ್ದರೂ ಆ ಕೂಗಿಗೆ ಚಹಾದ ಲೋಟ ಕೈಬಿಡುತ್ತಿದ್ದರು. ರಹೀಮಾ ಬೆಚ್ಚಲೂ ಇಲ್ಲ. ಗಾಜಿನ ಬಟ್ಟಲಿನ ಮೇಲೆ ಬಾಗಿದವಳು ಹಾಗೇ ನಿಂತಳು. ನೀರಿನಲ್ಲಿ ದಾರದಂಥ ಹುಳುಗಳು... ಎಲ್ಲವನ್ನೂ ಅರ್ಧಕ್ಕೆ ಕೊಯ್ಯಲಾಗಿತ್ತು!

“ಇವಕ್ಕೆ ನೋವಾಗೋದಿಲ್ವಾ?”

ಕೂಗಿದ್ದ ನೂರ್ ಅಹ್ಮದ್ ಈಗ ತಡವರಿಸಿದ. “ಗೊತ್ತಿಲ್ರೀ.”

ಗೊತ್ತಿಲ್ಲ! ಗಂಡ ಗನಿಯ ಮೋಟಾರು ಅರಬೈಲ ಘಟ್ಟದಲ್ಲಿ ಉರುಳಿ ಅವನು ತೀರಿಕೊಂಡಂದಿನಿಂದ ಎಲ್ಲರೂ ಅವಳೆದುರು ಎಲ್ಲ ಗೊತ್ತಿದ್ದವರಂತೆಯೇ ಮಾತಾಡಿದ್ದರು. ಅತ್ತುಬಿಡು, ಹಗುರಾಗುತ್ತದೆ ಎಂದಿದ್ದರು. ಅವಳಿಗೆ ಅಳುವೇ ಬಂದಿರಲಿಲ್ಲ. ಅನ್ನಕ್ಕೆ ರುಚಿಯಿರಲಿಲ್ಲ, ಹಬ್ಬಕ್ಕೆ ಬಣ್ಣವಿರಲಿಲ್ಲ.

ನೂರ್ ಹಾನಗಲ್ಲಿನವನು, ಮುಂಬೈಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ. ಇಡಗುಂದಿಯ ಕೆರೆಯ ಕೆಸರಿನಿಂದ ಹುಳು ಹಿಡಿದು ತಂದು, ಅವುಗಳ ಅಭ್ಯಾಸಕ್ಕೆಂದು ಶಿರಸಿಯಲ್ಲಿ ರಹೀಮಾಳ ಅಬ್ಬಾ ಅಬ್ದುಲ್ ರಜಾಕರ ಹೊರಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ.

ಅಂದಿನಿಂದ ಮಧ್ಯಾಹ್ನದ ಚಹಾ ಅವಳೇ ತಂದಳು. ಅಮ್ಮಿ ಖತೀಜಾ ಬಾಗಿಲ ಬಳಿ ಎಲೆ ಮೆಲ್ಲುತ್ತ ಕೂರುತ್ತಿದ್ದರು.

“ಕೊಯ್ದ ಜಾಗದಾಗ ಮೊದ್ಲ ಬರೇ ಬಿಳೇ ಬಾಲ ಬೆಳೀತೈತ್ರಿ,” ನೂರ್ ಸೂಕ್ಷ್ಮದರ್ಶಕ ಸರಿಪಡಿಸಿದ. “ರಕ್ತ ಇರೂದಿಲ್ಲ. ಆಮ್ಯಾಲೆ ಹಳೇ ನಾಳ ಒಳಗ ಚಾಚ್ತೈತಿ. ಅದಕ್ಕ ದಾರಿ ಹೆಂಗ ತಿಳೀತೈತೋ, ಅದನ್ನ ಹುಡುಕಾಕತ್ತೇನಿ.”

ಅವಳು ಕಣ್ಣಿಟ್ಟಳು. ಬೆಳ್ಳನೆಯ ಬಾಲದೊಳಗೆ ಕೂದಲೆಳೆಯಷ್ಟು ಕೆಂಪು... ಮಿಡಿಯುತ್ತಿತ್ತು!

ಚಂದ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆದರೂ ಅವಳು ಕಣ್ಣು ತೆಗೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮಿ ಒಂದು ಮಾತು ತಂದರು. “ನೂರ್ ನಿನ್ನನ್ನ ಕೇಳಿದಾನೆ. ನಿಕಾಹ್‌ಗೆ.”

ರಹೀಮಾ ನೇರ ಹೊರಕೋಣೆಗೆ ನಡೆದಳು. ಅಮ್ಮಿ ಹಿಂದೆಯೇ ಓಡಿಬಂದರು.

“ನನ್ನನ್ನೂ ಗಾಜಿನಡಿ ಇಟ್ಟು ನೋಡ್ತಿದ್ರಾ? ಇವಳೂ ಚಿಗುರ್ತಾಳಾ ಅಂತ?”

ನೂರ್‌ನ ಮುಖ ಬಿಳಿಚಿತು. ಅವನು ಪೆಟ್ಟಿಗೆ ತೆಗೆದು ಬಟ್ಟೆ ತುಂಬತೊಡಗಿದ. ಆಗ ಅವಳ ಕಣ್ಣು ಮೇಜಿನತ್ತ ಹೋಯಿತು. ಬಟ್ಟಲುಗಳ ನೀರು ಕದಡಿತ್ತು. ಹುಳುಗಳು ತಳದಲ್ಲಿ ಸತ್ತು ಬಿದ್ದಿದ್ದವು.

“ಇವು ಯಾಕೆ...?”

“ನೀರ ಬದಲಿ ಮಾಡೂದು ಮರ್ತೆ. ಎರಡನೇ ಸರ್ತಿ.” ಅವನು ತಲೆಯೆತ್ತಲಿಲ್ಲ. “ನಾ ಗಾಜಿನ್ಯಾಗ ಏನೂ ನೋಡ್ಲಿಲ್ರೀ. ಬಾಗಿಲಾ ನೋಡ್ತಿದ್ದೆ... ನೀವು ಬರ್ತೀರಂತ.”

ರಹೀಮಾ ಕುರ್ಚಿಯ ಬೆನ್ನು ಹಿಡಿದು ನಿಂತಳು.

“ನನ್ನೊಳಗೆ ಏನೂ ಇಲ್ಲ, ನೂರ್ ಸಾಹೇಬ್ರೆ. ದುಃಖವೂ ಇಲ್ಲ. ಇಂಥವಳನ್ನ ಕಟ್ಟಿಕೊಂಡು ಏನು ಮಾಡ್ತೀರಿ?”

“ಕೂಡಿ ಉಂಡ್ರ ಸಾಕ್ರಿ. ಬೇರೆ ಏನೂ ಕೇಳೂದಿಲ್ಲ.”

ಹೊರಗೆ ಯಲ್ಲಾಪುರದ ಮೋಟಾರು ಹಾರ್ನ್ ಹೊಡೆಯಿತು. ಅವನು ಪೆಟ್ಟಿಗೆ ಎತ್ತಿದ. ಅವಳು ಮುಂದೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಹೋಗಬೇಡಿ.”

“ನಿಮ್ಮ ಅಬ್ಬಾಗ ನಾ ಏನಂತ ಹೇಳ್ಲಿ?”

“ಒಪ್ಪಿದಾಳೆ ಅನ್ನಿ. ಖುಷಿಯಾಗಿದಾಳೆ ಅಂತ ಮಾತ್ರ ಹೇಳಬೇಡಿ. ಅದು ಇನ್ನೂ ಸುಳ್ಳು.”

ಅವನು ನಿಧಾನಕ್ಕೆ ಪೆಟ್ಟಿಗೆ ಕೆಳಗಿಟ್ಟ.

“ಇನ್ನೂ... ಅಂದ್ರಿ?”

ಅವಳು ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.

“ಹೂಂ... ಇನ್ನೂ.”