ಯಮಿನ್ ಆಡಿದ ಮಾತು

ಬೀರು ಬಾಯಿ ತೆರೆದು ನಿಂತಿತ್ತು. ಅಂತಿಮ ಪರೀಕ್ಷೆಯ ಧ್ವನಿಮುದ್ರಣವಿದ್ದ ಪೆನ್‌ಡ್ರೈವ್ ಮಾಯ.

ಥಾಯ್ಲೆಂಡಿನ ಗಡಿಯೂರು ಮೇಸೋಟ್‌ನ ಆ ದುಭಾಷಿ ತರಬೇತಿ ಕೇಂದ್ರದಲ್ಲಿ ಬೆಳಗಿನ ಚಹಾ ಲೋಟಗಳಲ್ಲೇ ಆರಿತು. ಆಸ್ಪತ್ರೆಯಲ್ಲಿ ಖಾಲಿಯಿದ್ದದ್ದು ಒಂದೇ ಕೆಲಸ. ಅದಕ್ಕೆ ಉಳಿದವರು ಇಬ್ಬರು — ಯಮಿನ್ ಮತ್ತು ಸಿತ್ತು. ಕೆಲಸ ತಪ್ಪಿದವರಿಗೆ ಇಲ್ಲಿರುವ ಪರವಾನಗಿಯೂ ತಪ್ಪುತ್ತಿತ್ತು. ಹೊಳೆ ದಾಟಿ ಬರ್ಮಾಕ್ಕೆ ವಾಪಸ್ಸು.

ಎಲ್ಲರೂ ‘ಆಚಾನ್’, ಗುರುಗಳೇ, ಎಂದು ಕರೆಯುವ ನಿರ್ದೇಶಕ ವಿರೋಜ್ ಯಮಿನ್‌ಳನ್ನು ಕರೆಸಿದರು. ಥಾಯ್ ಬಿಟ್ಟರೆ ಅವರಿಗೆ ಬರ್ಮೀಸ್ ಕೆಮ್ಮೂ ಅರ್ಥವಾಗದು.

“ನಿನ್ನ ಮಾತನ್ನ ಸಿತ್ತು ಮೊಬೈಲಲ್ಲಿ ಹಿಡಿದಿದ್ದಾನೆ. ‘ಬೀರು ತೆಗೆದದ್ದು ನಾನೇ’ ಅಂತ ಗೆಳತಿ ಹತ್ರ ಕೊಚ್ಚಿಕೊಂಡಿದ್ದೀಯಂತೆ. ದನಿ ನಿಂದೇ. ಥಾಯಲ್ಲಿ ಅರ್ಥ ಹೇಳಿದ್ದು ಅವನು.”

“ಹಾಗೆ ಅಂದೇ ಇಲ್ಲ, ಆಚಾನ್. ನಂಗೊಂದ್ಸಲ ಕೇಳಿಸಿ.”

“ಇನ್ನೇನು ಕೇಳೋದು? ಗಂಟುಮೂಟೆ ಕಟ್ಟು.”

ಯಮಿನ್ ಬಾಗಿಲ ಕಡೆ ಹೆಜ್ಜೆ ಹಾಕಲಿಲ್ಲ. ಹೊಳೆಯಾಚೆ ಅವಳ ಊರೇ ಸುಟ್ಟು ಹೋಗಿತ್ತು.

“ನಂಗೆ ಕೇಳಿಸಿ,” ಎಂದು ಒಳಗೆ ಬಂದವರು ಡೋ ಟಿನ್ ನ್ವೇ — ಕೋರ್ಟುಗಳಲ್ಲಿ ತಲೆ ನರೆಸಿಕೊಂಡ ದುಭಾಷಿ, ಈಗ ಇಲ್ಲಿಯ ಗುರು, ಬರ್ಮೀಸ್ ಶಿಷ್ಯರಿಗೆಲ್ಲ ‘ಸಯಾಮಾ’. ಎರಡು ಸಲ ಕೇಳಿದರು. ಮೂಲೆಯಲ್ಲಿದ್ದ ಸಿತ್ತುವಿನತ್ತ ತಿರುಗಿದರು.

“ಇದ್ರಲ್ಲಿ ‘ನಾನು’ ಅನ್ನೋಕೆ ಯಾವ ಪದ ಇದೆಯಪ್ಪಾ?”

ಸಿತ್ತು ಮೊಬೈಲಿನತ್ತ ಕೈ ಚಾಚಿದ.

“ನಾನೇ ಹೇಳ್ಲಾ? ‘ಚನೋ’. ಆಚಾನ್, ನಿಮ್ಮ ಥಾಯ್ ಹಾಗೇ ನಮ್ಮಲ್ಲೂ ಗಂಡಸಿನ ‘ನಾನು’ ಬೇರೆ, ಹೆಂಗಸಿನದು ಬೇರೆ. ಹೆಂಗಸು ‘ಚಮ’ ಅಂತಾಳೆ. ಗೆಳತಿ ಹತ್ರ ಕೊಚ್ಚಿಕೊಳ್ಳೋವಾಗ ಈ ಹುಡುಗಿ ಗಂಡಸಾಗಿಬಿಟ್ಲಾ?”

“ಮತ್ತೆ?”

“ದುಭಾಷಿಯಾಗಿ ಕೂತಾಗ ಮಾತ್ರ ಹಾಗೆ. ಮಾತಾಡೋನು ಗಂಡಸಾದ್ರೆ ಅವನ ‘ನಾನು’ನೇ ಆಡ್ಬೇಕು ಅಂತ ನಾನೇ ಕಲಿಸಿದ್ದು. ಯಮಿನ್, ಮೊನ್ನೆ ಅಣಕು ಕೋರ್ಟಲ್ಲಿ ಕಳ್ಳ ಆಗಿದ್ದು ಯಾರು?”

“ಸಿತ್ತು, ಸಯಾಮಾ. ಅವನು ಥಾಯಲ್ಲಿ ‘ಬೀರು ತೆಗೆದದ್ದು ನಾನೇ’ ಅಂತ ತಪ್ಪು ಒಪ್ಕೊಂಡ. ನಾನು ಬರ್ಮೀಸಲ್ಲಿ ಹೇಳಿದೆ.”

“ಅದನ್ನೇ ಕತ್ತರಿಸಿ ತಂದಿದ್ದಾನೆ. ‘ಚನೋ’ವನ್ನ ಥಾಯಲ್ಲಿ ಹೆಂಗಸಿನ ‘ನಾನು’ ಮಾಡಿ ನಿಮ್ಮ ಕಿವಿಗೆ ಹೂವಿಟ್ಟ. ನಮ್ಮ ಎಳೆ ಮಗು ಕೂಡ ಆ ತಪ್ಪು ಮಾಡಲ್ಲ, ಬೇಕಂತಲೇ ಮಾಡಿದ್ದು. ಕಳ್ಳ ಇವನೇ.”

ಸಿತ್ತು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಕಲಿತ ಥಾಯೆಲ್ಲ ಮರೆತುಹೋಗಿ ಬರ್ಮೀಸಿನಲ್ಲಿ ಏನೋ ತೊದಲಿದ.

“ಏನಂತಾನೆ?” ವಿರೋಜ್ ಕೇಳಿದರು.

ಅರ್ಥ ಹೇಳು ಎಂಬಂತೆ ಮುದುಕಿ ಯಮಿನ್‌ಳನ್ನು ನೋಡಿದರು. ಈಗ ಅವಳು ಏನು ಹೇಳಿದರೂ ವಿರೋಜ್ ನಂಬುತ್ತಿದ್ದರು. ಥಾಯಿನಲ್ಲಿ, ಗಂಡಸಿನ ‘ನಾನು’ವಿನಲ್ಲೇ ಶುರುಮಾಡಿದಳು.

“ಕದ್ದಿದ್ದು ನಾನು. ಆಚೆ ದಡದಲ್ಲಿ ನಂಗೆ ಯಾರೂ ಉಳಿದಿಲ್ಲ. ಕೈ ಮುಗೀತೀನಿ, ನನ್ನನ್ನ ವಾಪಸ್ ಕಳಿಸ್ಬೇಡಿ.”

ವಿರೋಜ್ ಅವಳನ್ನೇ ದಿಟ್ಟಿಸಿದರು. “ಇದು ಅವನ ಮಾತೋ, ನಿಂದೋ?”

“ಅವನದು, ಆಚಾನ್,” ಎಂದಳು. ಮುಗಿದಿದ್ದ ತನ್ನ ಕೈಗಳನ್ನು ಆಗಷ್ಟೇ ಕೆಳಗಿಳಿಸಿದಳು.